ಒಂದನೇ ಮೇನ್, ಎರಡನೇ ಕ್ರಾಸ್

ಮೂರು ಸೊಸೈಟಿ ಸೇರಿ ಒಂದಾದವು, ಮಾರ್ಚಿ ಮೂವತ್ತೊಂದಕ್ಕೆ.
ಬೋರ್ಡು ಬದಲಾಯಿತು, ಲೆಟರ್‌ಹೆಡ್ಡು ಬದಲಾಯಿತು,
ಕೇಬಲ್ಲುಗಳಿಗೆ ಯಾರೂ ಹೇಳಲಿಲ್ಲ.

ಮಲ್ಲೇಶ್ವರದಲ್ಲಿ ಒಂದು ನೆಟ್‌ವರ್ಕು, ಕಾಮಾಕ್ಷಿಪಾಳ್ಯದಲ್ಲಿ ಇನ್ನೊಂದು,
ಹಲಸೂರಿನದು ಯಾರೋ ಹುಡುಗ ಕಟ್ಟಿ ಬಿಟ್ಟುಹೋದದ್ದು,
ಪಾಸ್‌ವರ್ಡು ಅವನ ನಾಯಿಯ ಹೆಸರು.
ಮೂರಕ್ಕೂ ಒಂದೇ ವಿಳಾಸ:
ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ಒಂದು.

ಈ ಊರಲ್ಲಿ ಇದೇನು ಹೊಸದೇ?
ಯಾವ ಬಡಾವಣೆಗೆ ಹೋದರೂ ಒಂದನೇ ಮೇನ್ ಇದೆ,
ಎರಡನೇ ಕ್ರಾಸ್ ಇದೆ, ಮೂಲೆಯಲ್ಲೊಂದು ಇಸ್ತ್ರಿ ಗಾಡಿ.
ನಮ್ಮ ಮನೆಗೆ ಬರಬೇಕಾದ ಮದುವೆ ಕಾಗದವೊಂದು
ಎಲ್ಲ ಎರಡನೇ ಕ್ರಾಸುಗಳನ್ನೂ ಸುತ್ತಿ
ಮಗುವಿನ ನಾಮಕರಣದ ಹೊತ್ತಿಗೆ ತಲುಪಿತ್ತು.
ಅಂಚೆಯವನಾದರೆ ಬಡಾವಣೆ ಯಾವುದೆಂದು ಕೇಳುತ್ತಾನೆ.
ಕಂಪ್ಯೂಟರಿಗೆ ಅದೂ ಹೊಳೆಯದು;
ಒಂದು, ಒಂದು ಅಂದರೆ ತನ್ನ ಪಕ್ಕದ ಮನೆ ಎಂದೇ ನಂಬುತ್ತದೆ.

ಈ ಮೂರರ ನಡುವೆ ಲೂರ್ದ್ ಮೇರಿಯ ಸ್ಕೂಟಿ.
ಪಾಸ್‌ಬುಕ್ ಪ್ರಿಂಟರು ಎಲ್ಲಿ ಕೆಮ್ಮಿದರೂ ಅವಳೇ ಹೋಗಬೇಕು.
ಡಿಕ್ಕಿಯಲ್ಲಿ ರಿಬ್ಬನ್ನು, ಸ್ಕ್ರೂಡ್ರೈವರು, ಮಳೆಕೋಟು,
ಹಳೆಯ ಲ್ಯಾಪ್‌ಟಾಪು, ಅದರ ಬೆನ್ನಿಗೆ ಅಂಟಿಸಿದ ಚೀಟಿ:
ಹನ್ನೊಂದು ಪಾಸ್‌ವರ್ಡು, ಒಂಬತ್ತು ಹೊಡೆದುಹಾಕಿದ್ದು.
"ಬೆಳಿಗ್ಗೆಯಿಂದ ಆರು ಸಲ ಕೇಳ್ತು ಸಾರ್ ಇದು, ನೀನ್ಯಾರು ಅಂತ.
ಎಲ್ಲ ಕಡೆಗೂ ಒಂದೇ ಕೀ ಮಾಡ್ಕೊಡಿ."

ಮಾಡಿದೆ. ಎರಡು ಶನಿವಾರ, ಒಂದು ಭಾನುವಾರ.
ಒಂದಕ್ಕೆ ಹತ್ತು ಅಂತ ಹೆಸರಿಟ್ಟೆ, ಇನ್ನೊಂದಕ್ಕೆ ಇಪ್ಪತ್ತು,
ಹಲಸೂರಿಗೆ ಮೂವತ್ತು, ಬಡಾವಣೆಯ ಹೆಸರು ಸೇರಿಸಿದ ಹಾಗೆ.
ಅವಳ ಲ್ಯಾಪ್‌ಟಾಪಿನಿಂದ ಮೂರಕ್ಕೂ ಸುರಂಗ ತೋಡಿದೆ,
ಮೆಟ್ರೋದವರ ಹಾಗಲ್ಲ, ಧೂಳಿಲ್ಲದೆ,
ಯಾರ ಮನೆಯ ಗೋಡೆಯೂ ಬಿರುಕು ಬಿಡದೆ.
ಒಂದು ಪಾಸ್‌ವರ್ಡು, ಫೋನಿಗೆ ಬರುವ ಆರಂಕಿ.
ಪ್ರಿಂಟರಿನವರೆಗೆ ಬಿಡು, ಲೆಡ್ಜರಿನ ಕಡೆ ಬಿಡಬೇಡ ಎಂದು ಬರೆದೆ.
ನೆಂಟರಿಗೂ ಅಡುಗೆಮನೆಯವರೆಗೆ ಸಲಿಗೆ, ಬೀರುವಿನವರೆಗೆ ಅಲ್ಲ.

ಆಮೇಲೆ ಅವಳ ದಿನ ನನಗೆ ಲಾಗಿನಲ್ಲಿ ಕಾಣತೊಡಗಿತು.
ಒಂಬತ್ತು ಹನ್ನೆರಡು, ಕಾಮಾಕ್ಷಿಪಾಳ್ಯ.
ಹನ್ನೊಂದೂವರೆ, ಮಲ್ಲೇಶ್ವರ.
ಒಂದು ನಲವತ್ತಕ್ಕೆ ಎಲ್ಲೂ ಅಲ್ಲ, ಬರೀ ಫೋನಿನ ಇಂಟರ್‌ನೆಟ್ಟು,
ಯಾವುದೋ ಹೊಂಗೆಮರದ ಕೆಳಗೆ ಸ್ಕೂಟಿ ಸ್ಟ್ಯಾಂಡು ಹಾಕಿ
ಡಬ್ಬಿ ಬಿಚ್ಚಿರಬೇಕು ಅಂದುಕೊಂಡೆ.

ಹಲಸೂರು ಮಾತ್ರ ಅರ್ಥವಾಗಲಿಲ್ಲ.
ಪ್ರತಿ ಗುರುವಾರ ಕೆಲಸದ ನಡುವೆ ಲೈನು ಕಟ್,
ನಲವತ್ತು ನಿಮಿಷ ಬಿಟ್ಟು ಮತ್ತೆ ಅಲ್ಲೇ ಹಾಜರು.
ಸುರಂಗ ಎಲ್ಲೋ ಸೋರುತ್ತಿದೆಯೆಂದು ಹುಡುಕಿದ್ದೇ ಹುಡುಕಿದ್ದು.
ಕೇಬಲ್ಲು ಬದಲಿಸಿದೆ. ಸ್ವಿಚ್ಚು ಬದಲಿಸಿದೆ.
ಆ ನಾಯಿಯ ಹೆಸರನ್ನು ಶಪಿಸಿದೆ.
ಕೊನೆಗೆ ಅವಳನ್ನೇ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಲೈನು ಚೆನ್ನಾಗೇ ಇದೆ ಸಾರ್. ನಾನೇ ಆಫ್ ಮಾಡೋದು.
ಅಲ್ಲಿ ಟಾಯ್ಲೆಟ್ಟಿನ ಬೀಗದ ಕೈ ಮ್ಯಾನೇಜರ್ ಮೇಡಮ್ ಹತ್ರ.
ಸ್ಟಾಫಿಗೆ ಮಾತ್ರ ಅಂತಾರೆ.
ಆ ಕಡೆ ಒಂದು ಚರ್ಚಿದೆ, ಗೇಟಿನವನು ಗುರುತು."

ಅನುಮತಿಯ ಫಾರಂ ತೆಗೆದೆ. ಹೆಸರು, ನಂಬರು, ಶಾಖೆ,
ಓದಬಹುದೇ, ಬರೆಯಬಹುದೇ, ಅಳಿಸಬಹುದೇ.
ಇಪ್ಪತ್ತೆರಡು ಕಾಲಮ್ಮು ನಾನೇ ಕೂತು ಎಳೆದದ್ದು.
ಒಂದರಲ್ಲೂ ಇದಕ್ಕೆ ಜಾಗವಿಲ್ಲ.

ಬುಧವಾರ ಹಲಸೂರಿಗೆ ಹೋದೆ.
ಕೇಬಲ್ಲು ಟಾಯ್ಲೆಟ್ಟಿನ ಮೇಲೇ ಹಾದಿದೆ ಮೇಡಮ್, ನೋಡಬೇಕು,
ಅಂತ ಸುಳ್ಳು ಹೇಳಿ ಬೀಗದ ಕೈ ಇಸಕೊಂಡೆ.
ಊರಿಗೆಲ್ಲ ಭದ್ರತೆಯ ಪಾಠ ಹೇಳುವವನು
ಬಜಾರಿನ ಫುಟ್‌ಪಾತಿನಲ್ಲಿ ಕೊಡೆ ಕೆಳಗೆ ಕೂತ ಮುದುಕನ ಮುಂದೆ
ಕುಕ್ಕರುಗಾಲಲ್ಲಿ ಕೂತೆ. ಅವನು ಅರದಿಂದ ಉಜ್ಜುತ್ತ,
"ಯಾವ ಬಾಗಿಲಿಂದು?" ಅಂದ. ಮನೇದು ಅಂದೆ.
ಅರವತ್ತು ರೂಪಾಯಿ.

ಮುಂದಿನ ಗುರುವಾರ ಲೈನು ಕಟ್ಟಾದದ್ದು ಆರು ನಿಮಿಷ.
ತಿಂಗಳ ವರದಿಯಲ್ಲಿ ಬರೆದೆ:
ಹಲಸೂರು, ಸಂಪರ್ಕ ಸುಧಾರಿಸಿದೆ.
ಕಾರಣ: ಹೊಸ ಕೀ.