ಹೆಸರು ಬರೆಯುವ ಜಾಗ

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆ ಎದುರು
ಫೋಟೋಗೆ ಕಟ್ಟು ಹಾಕುವ ಅಂಗಡಿ.
ಹಳೇ ಕ್ಯಾಲೆಂಡರಿನ ಹಾಳೆ ಬಿಚ್ಚಿದೆ:
ಡಚ್ಚರ ಹೆಂಗಸು, ನಾನೂರು ವರ್ಷದ ಹಿಂದಿನವಳು,
ಕರೀ ಬಟ್ಟೆ, ಹಿಂದೆಲ್ಲ ಕತ್ತಲು,
ಕೆಳತುಟಿಯ ಮೇಲೆ ಒಂದೇ ಒಂದು ಹಸಿ ಬೆಳಕು.

"ಹೆಸರು? ತೀರಿಕೊಂಡ ತಾರೀಖು?" ಅಂದ ದಸ್ತಗೀರ್,
ಬಿಳಿ ಬಣ್ಣದಲ್ಲಿ ಕುಂಚ ಅದ್ದಿ.
ಗೊತ್ತಿಲ್ಲ.
ಚಿತ್ರ ಬರೆದವನಿಗೆ ಗೊತ್ತಿದ್ದೀತು; ಬರೆದಿಡಲಿಲ್ಲ.
"ನಿಮಗೇನಾಗಬೇಕು?"
ಏನೂ ಇಲ್ಲ.

ಕನ್ನಡಕ ಏರಿಸಿ ಬಗ್ಗಿದ,
ನೂಲು ಬಿಚ್ಚಾಣಿಕೆಯವರ ಮನೆಯವನು,
ಕತ್ತಿನ ಬಿಳಿ ನೆರಿಗೆ ಒಂದೊಂದೇ ಎಣಿಸಿದ.
"ಗಂಜಿ ಹಾಕಿದ ಕೈ ಇವಳದಲ್ಲ ಸಾರ್.
ಅದ್ಯಾರೋ. ಅವಳ ಫೋಟೋನೂ ಇಲ್ಲ."

ಆಮೇಲೆ ತಾನೇ ಅಂದ: "ಗಾಜು ಬೇಡ,
ನಮ್ಮ ಮುಖಾನೇ ಕಾಣುತ್ತೆ."
ಕುಂಚ ಒರೆಸಿಟ್ಟ.
ಕೆಳಗೆ ಹೆಸರಿನ ಪಟ್ಟಿ ಮಾತ್ರ
ಕತ್ತರಿಸದೆ ಬಿಟ್ಟ.