ಸ್ವಲ್ಪ ಸರೀರಿ, ಗುರಾಮ್ ಮಾಮ

ನಮ್ಮ ಕಟ್ಟಡದ ಲಿಫ್ಟಿಗೆ ದುಡ್ಡು ಹಾಕಬೇಕು.
ಹತ್ತು ತೆತ್ರಿಯ ಒಂದು ನಾಣ್ಯ, ಹತ್ತುವುದಕ್ಕೆ.
ಇಳಿಯುವುದು ಪುಕ್ಕಟೆ.
ತ್ಬಿಲಿಸಿಯಲ್ಲಿ ಇದು ಯಾರಿಗೂ ವಿಶೇಷವಲ್ಲ,
ಅದಕ್ಕೇ ಕ್ಯಾಮೆರಾ ಹಿಡಿದೆ.

ಒಂಬತ್ತು ವರ್ಷ. ಬೆಳಗಿನ ಏಳರಿಂದ ಎಂಟು.
ನೆಲಮಹಡಿಯಲ್ಲಿ ಒಂದು ಸ್ಟೂಲು, ತೊಡೆಯ ಮೇಲೆ ಕ್ಯಾಮೆರಾ.
ಹಿಟ್ಟಿನ ಕೈಯಲ್ಲೇ ನಾಣ್ಯ ತೂರಿಸುವ ರೊಟ್ಟಿಯಂಗಡಿ ಹುಡುಗ,
ಹಿಂಗಾಲ ಮೇಲೆ ನಿಂತ ಕುದುರೆಯ ಹಾಗೆ
ಸೈಕಲ್ಲನ್ನೆತ್ತಿ ಒಳಗೆ ತುರುಕುವ ವಾಖೋ,
ಮೊಸರಿನ ಬಾಟಲಿಗಳ ಚೀಲ ಹೊತ್ತು
ಲಿಫ್ಟಿನೊಳಗಿಂದಲೇ 'ಮತ್ಸೋನೀ' ಎಂದು ಕೂಗುತ್ತ
ತಾನು ಏಳಕ್ಕೆ ಮುಟ್ಟುವುದರೊಳಗೆ
ಆರು ಮಹಡಿಗೂ ಸುದ್ದಿ ಮುಟ್ಟಿಸುವ ತ್ಸಿಯಾಲಾ.
ಮಳೆ ಬಂದರೆ ನಾಯಿಯೂ.
ನಾಯಿಗೆ ಯಾರಾದರೊಬ್ಬರು ದುಡ್ಡು ಹಾಕುತ್ತಿದ್ದರು.

ಈ ಚಿತ್ರಕ್ಕೆ ಹಣ ಕೊಡುವವರಿಲ್ಲ. ಕಥೆಯಿಲ್ಲ ಎನ್ನುತ್ತಾರೆ.
ಬರ್ಲಿನ್ನಿನಿಂದ ಬಂದ ಒಬ್ಬ ಮಹನೀಯ
ಎರಡು ಗಂಟೆ ನೋಡಿ, ಕನ್ನಡಕ ಒರೆಸಿ,
'ಯಾರೂ ಸಾಯುವುದಿಲ್ಲವೇ?' ಎಂದು ಕೇಳಿದ.
ಆಗ ಇನ್ನೂ ಯಾರೂ ಸತ್ತಿರಲಿಲ್ಲ.

ಏಪ್ರಿಲಿನಲ್ಲಿ ಗುರಾಮ್ ಮಾಮ ತೀರಿಕೊಂಡರು.
ನಾಲ್ಕನೇ ಮಹಡಿ. ಟ್ರಾಮ್ ಓಡಿಸಿದವರು,
ಊರಿನ ಹಳಿಗಳನ್ನು ಕಿತ್ತ ಮೇಲೆ
ನಮ್ಮ ನಾಣ್ಯದ ಡಬ್ಬಿಗೆ ತಾವೇ ಕಾವಲಾದವರು.
ಸಿಕ್ಕಿಕೊಂಡ ನಾಣ್ಯವನ್ನು ಒಂದೇ ಗುದ್ದಿಗೆ ಬೀಳಿಸುವ ವಿದ್ಯೆ
ಅವರೊಬ್ಬರಿಗೆ ಗೊತ್ತಿತ್ತು.
ಎಲ್ಲಿ ಗುದ್ದಬೇಕೆಂದು ಯಾರಿಗೂ ಹೇಳಿಕೊಡದೆ ಹೋದರು.

ನಲವತ್ತನೇ ದಿನ ಕಳೆದು ಅವರ ಹೆಂಡತಿ ಲಮಾರಾ
ಒಂದು ತಟ್ಟೆ ಹಿಪ್ಪುನೇರಳೆ ಹಣ್ಣು ಹಿಡಿದು ಬಂದರು.
'ಇಷ್ಟು ವರ್ಷ ಹಿಡಿದೆಯಲ್ಲ ಮಗಳೇ,
ನಮ್ಮವರದ್ದೂ ಒಂದಿಷ್ಟು ತೋರಿಸು.
ಮಾತಾಡಿದ್ದು.'

ಇನ್ನೂರ ಹನ್ನೆರಡು ಗಂಟೆ. ಎಂಟು ಡಿಸ್ಕು.
ಹುಡುಕಿದೆ.
ಒಂದು ಮೊಣಕೈ. ಮುಚ್ಚುವ ಬಾಗಿಲಲ್ಲಿ ಅರ್ಧ ಬೆನ್ನು.
ಕನ್ನಡಿಯ ಮೂಲೆಯಲ್ಲಿ ಟೋಪಿ.
ಜನವರಿಯ ಒಂದು ಬೆಳಗ್ಗೆ, ಅವರು ದಾಟಿಹೋದ ಮೇಲೂ
ಒಂದು ಗಳಿಗೆ ನಿಂತೇ ಇದ್ದ ಉಸಿರಿನ ಹಬೆ.
ಉಳಿದಂತೆ, ಕ್ಯಾಮೆರಾದ ಹಿಂದಿನಿಂದ, ದಿನಾಲೂ
ಒಂದು ಹೆಣ್ಣು ದನಿ, ನಯವಾಗಿ:
'ಸ್ವಲ್ಪ ಸರೀರಿ, ಗುರಾಮ್ ಮಾಮ, ಅಡ್ಡ ಬರ್ತಿದೀರಿ.'
ದನಿ ನನ್ನದು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತಾರಲ್ಲ,
ನಾನು ಮುಚ್ಚಿಕೊಳ್ಳಲೂ ಇಲ್ಲ.
ತೆರೆದ ಕಣ್ಣನ್ನೇ ನಾಲ್ಕು ಬೆರಳು ಆಚೆ ತಿರುಗಿಸಿದೆ.
ನಿತ್ಯದ ಬದುಕು ಬೇಕೆಂದು ಕೂತವಳು
ನಿತ್ಯವೂ ಬಂದವರನ್ನೇ ಅಡ್ಡಿಯೆಂದು ಸರಿಸಿದೆ.

ತೋರಿಸುವುದೋ ಬೇಡವೋ ಎಂದು ಎರಡು ದಿನ ಕಳೆದೆ.
ಹಣ್ಣು ತಟ್ಟೆಯಲ್ಲೇ ರಸ ಬಿಟ್ಟಿತು.
ದನಿಯನ್ನು ಕತ್ತರಿಸಬಹುದಿತ್ತು, ಒಂದು ಗುಂಡಿಯ ಕೆಲಸ.
ಬಿಟ್ಟೆ. ಎಲ್ಲ ಸೇರಿಸಿದರೆ ಆರು ನಿಮಿಷ.

ಲಮಾರಾ ಅಡುಗೆಮನೆಯಲ್ಲಿ ಕೂತು ನೋಡಿದರು.
ಮೊಣಕೈಗೆ ಸುಮ್ಮನಿದ್ದರು. ಬೆನ್ನಿಗೆ ಸುಮ್ಮನಿದ್ದರು.
ಮೊದಲ 'ಸರೀರಿ'ಗೆ ತಲೆಯೆತ್ತಿದರು.
ಮೂರನೆಯದಕ್ಕೆ ಅವರ ಹೊಟ್ಟೆ ಕುಲುಕತೊಡಗಿತು.
'ಬಂದು ಹೇಳೋರು,' ಅಂದರು ಕಣ್ಣೊರೆಸಿಕೊಳ್ಳುತ್ತ,
'ಇವತ್ತೂ ಸಿನಿಮಾದಿಂದ ಹೊರಗೆ ಹಾಕಿದಳು ಕಣೇ,
ನಾಳೆ ಬೇರೆ ಟೋಪಿ ಹಾಕ್ಕೊಂಡು ಹೋಗ್ತೀನಿ.'

ಆಮೇಲೆ ಒಬ್ಬಳೇ ಕೂತು ಎಣಿಸಿದೆ.
ಹೌದು. ಹನ್ನೊಂದು ಟೋಪಿ.

ಇವತ್ತು ಬೆಳಗ್ಗೆ ನಾಣ್ಯ ಸಿಕ್ಕಿಕೊಂಡಿದೆ.
ವಾಖೋನ ಸೈಕಲ್ಲು ಇಡೀ ಚಿತ್ರಕ್ಕೆ ಅಡ್ಡ ನಿಂತಿದೆ,
ಚಕ್ರದ ಕಡ್ಡಿಗಳ ನಡುವೆ ನಾಯಿಯ ಬಾಲ, ಯಾರದೋ ಬೂಟು.
ನಾನು ಬಾಯಿ ಬಿಡಲಿಲ್ಲ.
ಅದರ ಹಿಂದೆಲ್ಲೋ ಡಬ್ಬಿಯನ್ನು ಗುದ್ದುತ್ತಿದ್ದಾರೆ, ಒಬ್ಬರಾದ ಮೇಲೊಬ್ಬರು,
ಮೇಲೆ, ಕೆಳಗೆ, ಪಕ್ಕಕ್ಕೆ.
ಯಾವ ಗುದ್ದೂ ಆ ಜಾಗಕ್ಕೆ ಬಿದ್ದಿಲ್ಲ.