ಹನ್ನೆರಡನೆಯ ಫಾರಮು

ಕುದುರೆ ಸಾಯಬಾರದಿತ್ತು ಅಂತ
ಥಿಯೇಟರಿನ ಕತ್ತಲಲ್ಲಿ ಎದ್ದು ನಿಂತು ಕೂಗಿದವನು ತಿಪ್ಪೇಶಿ,
ವಯಸ್ಸು ನಲವತ್ತೆರಡು, ಇನ್ಶೂರೆನ್ಸ್ ಏಜೆಂಟು.
ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು.
ನಜೀಮಾ ಅವನ ಅಂಗಿ ಜಗ್ಗಿ ಕೂರಿಸಿದಳು,
ಅವಳ ಕೈಯೂ ನಡುಗುತ್ತಿತ್ತು.

ಸೆಕೆಂಡ್ ಶೋ ಬಿಟ್ಟಾಗ ಭದ್ರಾವತಿ ಮಲಗಿತ್ತು.
ಸೇತುವೆ ಪಕ್ಕದ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿಯ ಕೊನೆಯ ಸುತ್ತು.
'ಮೊದಲರ್ಧ ಪರವಾಗಿಲ್ಲ.'
'ಏನು ಪರವಾಗಿಲ್ಲ? ಮಾಟಗಾತಿಗೆ ಲಿಪ್‌ಸ್ಟಿಕ್ಕು!
ಪುಸ್ತಕದಲ್ಲಿ ಅವಳಿಗೆ ಬಾಯೇ ಇಲ್ಲ,
ಅಂಗೈಯಲ್ಲಿ ಮಾತಾಡ್ತಾಳೆ.'
'ಬಾಯಿಲ್ಲದ ಹೀರೋಯಿನ್ನಿಗೆ ಯಾರು ದುಡ್ಡು ಹಾಕ್ತಾರೆ ಮಾರಾಯ?'
'ಪಾದರಸದ ಹೊಳೆಯಂತೆ!
ಚಪಾತಿ ಸುತ್ತೋ ಫಾಯಿಲ್ ಹಾಸಿದಾರೆ.'
'ಅದೆಲ್ಲ ಬಿಡ್ರೋ. ಕುದುರೆ?'

ಕುದುರೆ ಅಂದಕೂಡಲೆ ಎಲ್ಲರೂ ಸುಮ್ಮನಾದೆವು.

ಪೇಪರ್ ಟೌನಿನ ಲೈಬ್ರರಿಯಲ್ಲಿ ನಮಗಿದ್ದದ್ದು ಒಂದೇ ಪ್ರತಿ.
ಅಪ್ಪಂದಿರು ಮೂರು ಪಾಳಿಯಲ್ಲಿ ಕಾಗದ ಮಾಡುತ್ತಿದ್ದ ಊರಿನಲ್ಲಿ
ಹದಿನಾರು ಪುಟ ಕಡಿಮೆ ಬಿದ್ದ ಪುಸ್ತಕ.
ನೂರಾ ಎಪ್ಪತ್ತಾರರ ಕೊನೆಯ ಸಾಲಿಗೆ
ನೆರಳಿಲ್ಲದ ಕುದುರೆ ಹೊಳೆಯ ದಡಕ್ಕೆ ಬರುತ್ತದೆ.
ಮಗುಚಿದರೆ ನೂರಾ ತೊಂಬತ್ತಮೂರು:
ರಾಜಕುಮಾರಿ ಆಚೆ ದಡದಲ್ಲಿ ಕೂತು
ಚಪ್ಪಲಿ ಒಣಗಿಸುತ್ತಿದ್ದಾಳೆ.

ನಡುವಿನದನ್ನು ಹೇಳಿದವಳು ಸೆಲ್ವಿ.
ಹೊಸಮನೆಯ ಮಾವನ ಹತ್ತಿರ ಪೂರ್ತಿ ಪುಸ್ತಕ ಇದೆ, ಓದಿದೀನಿ ಅಂದಳು.
ಅವಳಿಗೆ ಹನ್ನೊಂದು ವರ್ಷ.
ನೀರಿನ ಟ್ಯಾಂಕಿನ ಕೆಳಗೆ, ಅವಳ ತಮಿಳು ಎಳೆತದ ಕನ್ನಡದಲ್ಲಿ,
ಮೂರು ಸಂಜೆ ಹೇಳಿದಳು:
ಕುದುರೆ ಹೊಳೆಗೆ ಇಳಿಯೋದಿಲ್ಲ,
ನೆರಳಿಲ್ಲದ್ದನ್ನು ಪಾದರಸ ಹೊರೋದಿಲ್ಲ.
ದೋಣಿಯವನು ಬೀಡಿ ಮುಗಿಯುವ ತನಕ ಯೋಚಿಸಿ
ತನ್ನ ನೆರಳನ್ನು ಸೊಂಟದ ಹತ್ತಿರ ಕತ್ತರಿಸಿ
ಕಂಬಳಿಯ ಹಾಗೆ ಅದರ ಬೆನ್ನಿಗೆ ಹೊದಿಸುತ್ತಾನೆ.
ಅವತ್ತಿನಿಂದ ಅವನು ನಡುಮಧ್ಯಾಹ್ನ ಮಾತ್ರ ಹೊರಗೆ ಬರುತ್ತಾನೆ,
ಅರ್ಧ ನೆರಳು ಯಾರ ಕಣ್ಣಿಗೂ ಬೀಳದಿರಲಿ ಅಂತ.

'ಮತ್ತೆ ಮುಂದೆಲ್ಲೂ ಕುದುರೆ ಬರೋದೇ ಇಲ್ಲವಲ್ಲ?'
ಕೇಳಿದವನು ನಾನು.
'ಬರ್ತದೆ. ನೆರಳು ಬಂದಮೇಲೆ ಅದೂ ಎಲ್ಲಾ ಕುದುರೆ ಥರ.
ಎಲ್ಲಾ ಕುದುರೆ ಥರದ ಕುದುರೆ ಬಗ್ಗೆ
ಯಾರು ಬರೀತಾರೆ?'

ಬಜ್ಜಿ ಗಾಡಿಯ ಬಲ್ಬಿನ ಕೆಳಗೆ
ವೃಷಭೇಂದ್ರ ಚೀಲದಿಂದ ಹೊಸ ಮುದ್ರಣ ತೆಗೆದ.
ರಕ್ಷಾಪುಟದ ಮೇಲೆ ಹೀರೋನ ಮುಖ,
ಇನ್ನೂ ಪ್ಲಾಸ್ಟಿಕ್ ಸುಲಿದಿರಲಿಲ್ಲ.
'ತೋರಿಸ್ತೀನಿ ಇರಿ, ಎಷ್ಟು ಕೆಡಿಸಿದಾರೆ ಅಂತ.'
ಉಗುರಿನಿಂದ ಹರಿದು, ಎಂಜಲು ಹಚ್ಚಿ ಮಗುಚಿ
ನೂರಾ ಎಪ್ಪತ್ತೇಳು ಓದಿದ:
ಕುದುರೆ ನಡುಹೊಳೆಯಲ್ಲಿ ಮುಳುಗಿತು.
ದೋಣಿಯವನು ತಿರುಗಿ ನೋಡಲಿಲ್ಲ.

ಅಷ್ಟೇ.
ಉಳಿದ ಹದಿನೈದೂವರೆ ಪುಟ ರಾಜವಂಶದ ಪಟ್ಟಿ.

ಡೈರೆಕ್ಟರು ಒಂದಕ್ಷರ ತಪ್ಪಿರಲಿಲ್ಲ.
ಮೂವತ್ತು ವರ್ಷ ನಾವು ಮೂಲ, ಮೂಲ ಅಂದದ್ದು
ಇಲ್ಲೇ ನಿಂತಿತ್ತು, ಸ್ವೆಟರ್ ಹಾಕಿಕೊಂಡು,
ಬೆರಳ ಎಣ್ಣೆಯನ್ನು ಪೇಪರಿಗೆ ಒರೆಸುತ್ತ.
'ಮಾವನ ಹತ್ತಿರ ಇದ್ದದ್ದು
ಪಂಚಾಂಗ ಒಂದೇ,' ಅಂದಳು ಸೆಲ್ವಿ.

ತಿಪ್ಪೇಶಿ ಬಹಳ ಹೊತ್ತು ಸೇತುವೆಯ ಕಡೆ ನೋಡಿ ಹೇಳಿದ:
'ಹಾಗಾದ್ರೆ ಬರೆದವರೇ ತಪ್ಪು ಬರೆದಿದಾರೆ.'
ಯಾರೂ ನಗಲಿಲ್ಲ.
ಗಾಡಿಯವನು ಸ್ಟೌ ಆರಿಸಿದ.

ನನ್ನದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ.
ಲೈಬ್ರರಿಯನ್ನು ತೂಕಕ್ಕೆ ಹಾಕಿದ ದಿನ
ಆ ಪ್ರತಿಯನ್ನು ಹೆಕ್ಕಿ ತಂದಿದ್ದೆ.
ಈಗ ಅದರ ಹೊಲಿಗೆ ಬಿಚ್ಚಿ,
ಅಳತೆಗೆ ಕತ್ತರಿಸಿದ ಎಂಟು ಖಾಲಿ ಹಾಳೆಯನ್ನು
ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಕಿಂಡಿಯಲ್ಲಿ
ಅವಳ ಕೈಗೆ ಕೊಟ್ಟು ಬಂದೆ.

ತಿಂಗಳಾಯಿತು.
ಒಂದೂವರೆ ಪುಟ ಆಗಿದೆಯಂತೆ.
ಕುದುರೆ ಇನ್ನೂ ದಡದಲ್ಲೇ ನಿಂತಿದೆ,
ದೋಣಿಯವನು
ಕತ್ತರಿ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದಾನೆ.